ಕೊರಳ ಸುತ್ತಿನ ಬೋಳು ಗೆರೆ

"ಕೋವಿ ಕೆಳಗಿಳಿಸಿ ಸ್ವಾಮಿ," ಎಂದಳು ಡಾಕ್ಟರ್ ಗುರುಮಲ್ಲಮ್ಮ.

ದನಿ ಅಂದುಕೊಂಡಷ್ಟು ಗಟ್ಟಿಯಾಗಿ ಏಳಲಿಲ್ಲ. ಆದರೂ ನೀಲಕಂಠಸ್ವಾಮಿ ಕೋವಿಯ ಮೂತಿಯನ್ನು ನೆಲಕ್ಕೆ ತಿರುಗಿಸಿದರು. ಗುಂಡ್ಲುಪೇಟೆಯ ದನದ ಆಸ್ಪತ್ರೆಯ ಅಂಗಳದಲ್ಲಿ, ಎತ್ತುಗಳನ್ನು ನಿಲ್ಲಿಸುವ ಕಬ್ಬಿಣದ ಚೌಕಟ್ಟಿಗೆ ಬಿಗಿದಿದ್ದ ನಾಯಿಗೆ ಕೋವಿಯ ಪರಿವೆಯೇ ಇರಲಿಲ್ಲ. ಅದು ಹಿಂಗಾಲೆತ್ತಿ ಕಿವಿಯ ಬುಡವನ್ನು ಪರಪರನೆ ಕೆರೆದುಕೊಳ್ಳುತ್ತಿತ್ತು.

ಕೆಂಚ ಎಂಬ ಈ ನಾಯಿಯ ಒಡೆಯ ಪುಟ್ಟರಾಜು, ನೀಲಕಂಠಸ್ವಾಮಿಯವರ ಒಬ್ಬನೇ ತಮ್ಮ, ದೀಪಾವಳಿ ಕಳೆದ ವಾರ ನಾಯಿಯ ಸಮೇತ ಕಾಣೆಯಾಗಿದ್ದ. ಈಗ ಸಂಕ್ರಾಂತಿ ಹತ್ತಿರ ಬಂದಿತ್ತು. ನಿನ್ನೆ ಸಂಜೆ ನಾಯಿಯೊಂದೇ ಅಣ್ಣತಮ್ಮಂದಿರ ತೋಟದ ಮನೆಗೆ ಮರಳಿತ್ತು, ಗುರುತು ಸಿಗದ ಹಾಗೆ.

ಜೇನಿನ ಬಣ್ಣದ ಆ ತುಪ್ಪಳ ಎಲ್ಲಿ ಹೋಯಿತೋ. ಕಿವಿಗಳ ಅಂಚು ಬೋಳಾಗಿ, ಹೊಟ್ಟು ಕಟ್ಟಿ, ಒಣಗಿದ ರೊಟ್ಟಿಯ ಚೂರಿನಂತೆ ಕಾಣುತ್ತಿತ್ತು. ಮೊಣಕೈಗಳಲ್ಲಿ ಕೂದಲಿಲ್ಲ. ಹೊಟ್ಟೆಯಡಿ ಕೆಂಪು ಗುಳ್ಳೆ. ಎಲ್ಲಕ್ಕಿಂತ ಹೆಚ್ಚು ಕಣ್ಣಿಗೆ ಹೊಡೆಯುತ್ತಿದ್ದುದು ಕೊರಳು. ಅದರ ಸುತ್ತ ಎರಡು ಬೆರಳಗಲದ ಬೋಳು ಗೆರೆಯೊಂದು ಬಳೆ ತೊಡಿಸಿದಂತೆ ಹಾದುಹೋಗಿತ್ತು.

ಆ ಗೆರೆ ಈಗ ಇನ್ನೊಬ್ಬನ ಕೊರಳಿಗೆ ಸುತ್ತಿಕೊಳ್ಳುವುದರಲ್ಲಿತ್ತು. ಅಂಗಳದ ಮೂಲೆಯ ಪೊಲೀಸ್ ಜೀಪಿನಲ್ಲಿ, ಕೈಗೆ ಬೇಡಿ ಹಾಕಿಸಿಕೊಂಡು ಶಿವಸ್ವಾಮಿ ಕೂತಿದ್ದ. ಪುಣಜನೂರಿನ ಬಾಡಿಗೆ ಜೀಪಿನ ಡ್ರೈವರ್. ಪುಟ್ಟರಾಜುವನ್ನು ಕೊನೆಗೆ ಕಂಡವನು ಅವನೇ. ಚಾಮರಾಜನಗರದಲ್ಲಿ ಹತ್ತಿಸಿಕೊಂಡು ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿದೆ, ಉಟ್ಟ ಬಟ್ಟೆಯಲ್ಲಿ ಬಂದಿದ್ದರು, ಕೈಯಲ್ಲಿ ಒಂದು ಚೀಲವೂ ಇರಲಿಲ್ಲ, ನಾಯಿಯೊಂದೇ ಜೊತೆಗಿತ್ತು ಎಂದು ಅವನು ಮೊದಲಿನಿಂದ ಒಂದೇ ಮಾತು ಹೇಳಿಕೊಂಡು ಬಂದಿದ್ದ. ಇಳಿದದ್ದನ್ನು ನೋಡಿದವರು ಯಾರೂ ಸಿಗಲಿಲ್ಲ. ಅವನ ಜೀಪಿನಲ್ಲಿ ಸಿಕ್ಕಿದ್ದು ಒಂದು ಹಗ್ಗ, ಅದರ ಎಳೆಗಳಲ್ಲಿ ಸಿಕ್ಕಿಕೊಂಡ ಕೆಂಚು ಕೂದಲು.

"ನಾಯಿ ಕುಣೀಬಾರ್ದು ಅಂತ ಸೀಟಿಗೆ ಕಟ್ಟಿದ್ರು," ಎಂದಿದ್ದ ಅವನು. ಯಾರೂ ನಂಬಿರಲಿಲ್ಲ. ಈಗ ಹಗ್ಗಕ್ಕೆ ಸರಿಹೊಂದುವ ಗೆರೆಯನ್ನು ಕೊರಳಲ್ಲಿ ಹೊತ್ತುಕೊಂಡು ನಾಯಿಯೇ ಸಾಕ್ಷಿಗೆ ಬಂದು ನಿಂತಿತ್ತು.

ಸಬ್ ಇನ್‌ಸ್ಪೆಕ್ಟರ್ ಚಿಕ್ಕಬಸವಯ್ಯ ಮಫ್ಲರಿನೊಳಗೆ ಸೀನಿದರು. ನೆಗಡಿಯಾಗಿತ್ತು. ನೋಡಲು ಒರಟಾದರೂ ಅವಸರದ ಮನುಷ್ಯರಲ್ಲ. ಮಧ್ಯಾಹ್ನದೊಳಗೆ ಶಿವಸ್ವಾಮಿಯನ್ನು ಚಾಮರಾಜನಗರಕ್ಕೆ ಕರೆದೊಯ್ದು ದೊಡ್ಡ ಸಾಹೇಬರ ಮುಂದೆ ನಿಲ್ಲಿಸಬೇಕು, ಅಲ್ಲಿಂದ ಮುಂದೆ ಇದು ಕಾಣೆಯಾದವರ ಕೇಸಲ್ಲ, ಕೊಲೆ ಕೇಸು, ಅಷ್ಟರೊಳಗೆ ನಾಯಿಯ ವಿಷಯದಲ್ಲಿ ಡಾಕ್ಟರ ಒಂದು ಮಾತು ಬೇಕು ಎಂದು ಅವರು ಬೆಳಿಗ್ಗೆಯೇ ಬಂದು ವಿವರಿಸಿದ್ದರು.

ಗೇಟಿನ ಕಲ್ಲಿನ ಮೇಲೆ ಶಿವಸ್ವಾಮಿಯ ತಾಯಿ ಮಲ್ಲಿಗಮ್ಮ ಕೂತಿದ್ದಳು. ಅಳುತ್ತಿರಲಿಲ್ಲ. ಮಗನ ಕೈಯ ಬೇಡಿಯ ಮೇಲಿನಿಂದ ಕಣ್ಣು ತೆಗೆದಿರಲಿಲ್ಲ, ಅಷ್ಟೆ. ಗುರುಮಲ್ಲಮ್ಮ ಆ ಕಡೆ ನೋಡದಿರಲು ಪ್ರಯತ್ನಿಸಿದಳು. ತಾನು ಆಡುವ ಒಂದು ಮಾತು ಒಬ್ಬನನ್ನು ಎಲ್ಲಿಗೆ ತಲುಪಿಸಬಹುದೆಂಬ ಲೆಕ್ಕ ರಾತ್ರಿಯೆಲ್ಲ ಅವಳ ನಿದ್ದೆ ತಿಂದಿತ್ತು.

"ಹುಚ್ಚು ಹಿಡಿದ ನಾಯ್ನ ಇಟ್ಕಂಡು ಏನ್ ಮಾಡೀರಿ ಡಾಕ್ಟ್ರಮ್ಮ?" ಎಂದರು ನೀಲಕಂಠಸ್ವಾಮಿ. "ನಿನ್ನೆಯಿಂದ ನೋಡ್ತಾ ಇವ್ನಿ. ಮೈಯೆಲ್ಲ ಕೆರ್ಕಂಡು ಕೆರ್ಕಂಡು ಸುತ್ತತದೆ. ನಾಕ್ ಜನಕ್ಕೆ ಕಚ್ಚುದ್ರೆ ಜವಾಬ್ದಾರಿ ನೀವು ಒತ್ಕತೀರಾ? ಒಂದು ಗುಂಡು ಬಿದ್ರೆ ಅದ್ಕೂ ಸುಖ, ನಮ್ಗೂ ಸುಖ."

ಗುರುಮಲ್ಲಮ್ಮ ಎನಾಮೆಲ್ ಬೋಗುಣಿಯಲ್ಲಿ ನೀರು ತಂದು ನಾಯಿಯ ಮುಂದಿಟ್ಟಳು. ಕೆಂಚ ಲೊಚಲೊಚನೆ ಅಷ್ಟನ್ನೂ ಕುಡಿದು, ಬೋಗುಣಿಯ ತಳವನ್ನೂ ನೆಕ್ಕಿತು. ಕಾಂಪೌಂಡಿನಾಚೆ ನೆರೆದಿದ್ದವರ ನಡುವೆ ನಿಟ್ಟುಸಿರು ಹಬ್ಬಿತು.

ನೀರು ಕುಡಿದ ಮಾತ್ರಕ್ಕೆ ಹುಚ್ಚಿಲ್ಲ ಎನ್ನಲಾಗದು. ಅದು ಅವಳಿಗೆ ಗೊತ್ತಿತ್ತು. ನೋಡುವವರಿಗೆ ಅಷ್ಟು ಸಾಕಾಗಿತ್ತು, ಅವಳಿಗೆ ಸಾಕಾಗಿರಲಿಲ್ಲ. ಜೊಲ್ಲು ಸುರಿಯುತ್ತಿದೆಯೇ, ದವಡೆ ಜೋತಿದೆಯೇ, ಹೆಜ್ಜೆ ತಪ್ಪುತ್ತಿದೆಯೇ, ಹೆಸರು ಕರೆದರೂ ಓಗೊಡದಂತಿದೆಯೇ ಎಂದು ದೂರದಿಂದಲೇ ಒಂದೊಂದಾಗಿ ನೋಡಿದಳು. ಯಾವುದೂ ಇರಲಿಲ್ಲ. ಇದು ಹುಚ್ಚಲ್ಲ, ಚರ್ಮದ ಕಾಯಿಲೆ ಎಂದು ಇನ್‌ಸ್ಪೆಕ್ಟರರಿಗೆ ಹೇಳಿದಾಗ ಅವರು ತಲೆಯಾಡಿಸಿ, ಕೋವಿಯನ್ನು ಪಕ್ಕಕ್ಕಿಡುವಂತೆ ನೀಲಕಂಠಸ್ವಾಮಿಯವರಿಗೆ ಸೂಚಿಸಿದರು. ಅವರು ಅದನ್ನು ಬೇವಿನ ಮರಕ್ಕೆ ಒರಗಿಸಿದರು.

ಆ ಹೊತ್ತಿಗೆ ಚಾಮರಾಜನಗರದ ಬಸ್ಸಿಳಿದು ನಾಗಲಕ್ಷ್ಮಿ ಬಂದಳು. ಪುಟ್ಟರಾಜುವಿನ ಹೆಂಡತಿ. ಗಂಡ ಕಾಣೆಯಾದ ಮೇಲೆ ತವರಿನಲ್ಲೇ ಇದ್ದಳು. ಭಾವ ನಿನ್ನೆ ರಾತ್ರಿ ಹೇಳಿಕಳಿಸಿದ್ದಕ್ಕೆ ಮೊದಲ ಬಸ್ಸಿಗೆ ಹೊರಟಿದ್ದಳು. ಚಳಿಗೆ ತೋಳುದ್ದದ ಸ್ವೆಟರು ತೊಟ್ಟು, ಸೆರಗು ಹೊದ್ದು, ನೇರವಾಗಿ ಇನ್‌ಸ್ಪೆಕ್ಟರರ ಕಡೆಗೇ ನಡೆದಳು. ಅಷ್ಟರಲ್ಲಿ ನೀಲಕಂಠಸ್ವಾಮಿ ಅಡ್ಡ ಬಂದು, ಬಾ ತಾಯಿ, ಗಟ್ಟಿ ಮನಸ್ಸು ಮಾಡ್ಕೊ ಎಂದು ತಮ್ಮ ಪಕ್ಕಕ್ಕೆ ಕರೆದುಕೊಂಡರು.

ಕೆಂಚ ಒಡತಿಯನ್ನು ನೋಡಿತು. ಬಾಲವನ್ನು ನೆಲಕ್ಕೆ ಮೆಲ್ಲಗೆ ಬಡಿಯಿತು. ಮತ್ತೆ ಕಿವಿ ಕೆರೆದುಕೊಳ್ಳತೊಡಗಿತು.

ಪಾಪ, ಕುಣಿದಾಡುವ ತ್ರಾಣವೂ ಇಲ್ಲ ಎಂದುಕೊಂಡಳು ಗುರುಮಲ್ಲಮ್ಮ. ನಾಗಲಕ್ಷ್ಮಿ ನಾಯಿಯ ಹತ್ತಿರ ಸುಳಿಯಲಿಲ್ಲ. ಭಾವನ ಪಕ್ಕ ನಿಂತಳು. ಅವಳ ಗಾಜಿನ ಬಳೆಗಳು ಮಾತ್ರ ಸುಮ್ಮನಿರದೆ ಕಿಣಿಕಿಣಿ ಎನ್ನುತ್ತಿದ್ದವು. ಕೈ ನಡುಗುತ್ತಿದೆ ಪಾಪ.

ನಾಯಿಯನ್ನು ಹಿಡಿಯುವವರು ಬೇಕಾಗಿತ್ತು. ಮನೆಯವರು ನಿನ್ನೆಯಿಂದ ಯಾರೂ ಮುಟ್ಟಿರಲಿಲ್ಲ, ಕೊಕ್ಕೆ ಕೋಲಿಗೆ ಹಗ್ಗ ಸಿಕ್ಕಿಸಿ ಎಳೆದು ತಂದಿದ್ದರು. ಯಾರೂ ಮುಂದೆ ಬರಲಿಲ್ಲ.

"ನಾ ಇಡ್ಕತೀನಿ," ಎಂದ ಜೀಪಿನೊಳಗಿಂದ ಶಿವಸ್ವಾಮಿ.

"ನೀನು ಕೂತ್ಕಳ್ಲಾ ಸುಮ್ನೆ," ಎಂದು ನೀಲಕಂಠಸ್ವಾಮಿ ಗದರಿದರು.

ಇನ್‌ಸ್ಪೆಕ್ಟರ್ ಒಂದು ಕ್ಷಣ ಯೋಚಿಸಿ ಬೇಡಿ ಬಿಚ್ಚಿಸಿದರು. ಗುರುಮಲ್ಲಮ್ಮ ಅವನಿಗೆ ರಬ್ಬರ್ ಗ್ಲೌಸ್ ಕೊಟ್ಟಳು. ಶಿವಸ್ವಾಮಿ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕೂತ. ಏನ್ಲಾ ಕೆಂಚ, ನನ್ ಮರೆತ್ಬುಟ್ಟಾ ಎಂದು ಮೆತ್ತಗೆ ಮಾತಾಡಿಸಿ, ಮೂತಿಗೆ ಬಟ್ಟೆಯ ಪಟ್ಟಿ ಸುತ್ತಿದ. ನಾಯಿ ಅವನ ಮಂಡಿಗೆ ತಲೆಯೊರಗಿಸಿತು. ತನ್ನ ಒಡೆಯನನ್ನು ಕೊಂದವನ ಮಂಡಿಗೆ ನಾಯಿ ಹೀಗೆ ತಲೆಯಿಡುತ್ತದೆಯೇ? ಆದರೆ ಇದನ್ನು ಕೋರ್ಟಿನಲ್ಲಿ ಹೇಳಲು ಬರುವುದಿಲ್ಲ. ಹೇಳಲು ಬರುವುದು ಬೇಕಾಗಿತ್ತು.

ಕೆರೆತಕ್ಕೂ ಅಪರಾಧಿಗಳು ಬೇಕಾದಷ್ಟಿದ್ದಾರೆ. ಅವರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರನ್ನೇ ಬಿಟ್ಟು ಕಳಿಸುವುದು ಅವಳ ಕೆಲಸ.

"ಮನೆ ಬಿಡುವಾಗ ಕೆರ್ಕೊತಾ ಇತ್ತಾ?" ಎಂದು ಕೇಳಿದಳು. ಕೆರೆತ ಮೊದಲೋ ಕೂದಲುದುರಿದ್ದು ಮೊದಲೋ ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಕೆರೆತವೇ ಇಲ್ಲದೆ ಕೂದಲು ಉದುರಿದರೆ ದೋಷ ಮೈಯೊಳಗಿನದು. ಕೆರೆದು ಕೆರೆದು ಉದುರಿದರೆ ಹೊರಗಿನಿಂದ ಬಂದದ್ದು.

ಆಗ ಮೈ ರೇಷ್ಮೆ ಇದ್ದಂತಿತ್ತು ಎಂದರು ನೀಲಕಂಠಸ್ವಾಮಿ. ಜೀಪಿನಲ್ಲಿ ದಾರಿಯುದ್ದಕ್ಕೂ ಕಟ್ಟಿದ ಸೀಟಿನ ಬುಡದಲ್ಲೇ ಮಲಗಿತ್ತು, ಒಂದು ಸಲವೂ ಕಾಲೆತ್ತಲಿಲ್ಲ ಎಂದ ಶಿವಸ್ವಾಮಿ. ಈ ಒಂದು ವಿಷಯದಲ್ಲಿ ಇಬ್ಬರ ಮಾತೂ ಕೂಡಿತು.

ಹಾಗಾದರೆ ಬಂದದ್ದು ಆಮೇಲೆ, ಹೊರಗಿನಿಂದ. ಚಿಗಟವೇ? ಚಿಗಟದ ಕಾಟವಾದರೆ ಬಾಲದ ಬುಡದಲ್ಲಿ ಬೋಳಾಗಬೇಕು. ಅಲ್ಲಿ ತುಪ್ಪಳ ದಟ್ಟವಾಗಿಯೇ ಇತ್ತು. ರಕ್ತ ಹೀರುವ ಉಣ್ಣೆ ಹುಳು ಎರಡು ಮೂರು ಸಿಕ್ಕಿದವು, ಅಷ್ಟಕ್ಕೆ ಇಷ್ಟಾಗುವುದಿಲ್ಲ. ಹುಳುಕಡ್ಡಿಯಾದರೆ ನಾಣ್ಯದಂತೆ ದುಂಡಗೆ ಇರಬೇಕು. ಕಾಂಗ್ರೆಸ್ ಗಿಡದಲ್ಲಿ ಹೊರಳಿದ್ದರೆ ಹೊಟ್ಟೆಗೆ ಗುಳ್ಳೆ ಬಂದೀತು, ಕಿವಿಯ ಅಂಚಿಗೆ ಅಲ್ಲ.

ಅವಳು ಕಿವಿಯ ಅಂಚನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಉಜ್ಜಿದಳು. ಕೆಂಚನ ಹಿಂಗಾಲು ತಾನಾಗಿಯೇ ಎದ್ದು ಗಾಳಿಯಲ್ಲಿ ಕೆರೆಯತೊಡಗಿತು. ಬಿಟ್ಟಳು, ಕಾಲು ನಿಂತಿತು. ಮತ್ತೆ ಉಜ್ಜಿದಳು, ಮತ್ತೆ ಎದ್ದಿತು. ಕಾಂಪೌಂಡಿನಾಚೆ ಯಾರೋ ನಕ್ಕರು.

ಕಜ್ಜಿ ಹುಳು. ಮೊಣಕೈಯ ಹೊಟ್ಟನ್ನು ಬ್ಲೇಡಿನಿಂದ ಸಣ್ಣಗೆ ರಕ್ತ ಜಿನುಗುವವರೆಗೆ ಕೆರೆದು, ಗಾಜಿನ ಪಟ್ಟಿಯ ಮೇಲಿಟ್ಟು, ಒಳಗೆ ಹೋಗಿ ಸೂಕ್ಷ್ಮದರ್ಶಕದಲ್ಲಿ ಹುಡುಕಿದಳು. ಬಹಳ ಹೊತ್ತು ಏನೂ ಕಾಣಲಿಲ್ಲ. ಹೊರಗೆ ಇನ್‌ಸ್ಪೆಕ್ಟರ್ ಗಡಿಯಾರ ನೋಡಿಕೊಳ್ಳುತ್ತಿರಬೇಕು. ಗಾಜನ್ನು ಕೂದಲೆಳೆಯಷ್ಟು ಸರಿಸಿದಳು. ಆಗ ಬಂದಿತು, ಆಮೆಯಂತೆ ದುಂಡನೆಯ, ಮೋಟು ಕಾಲಿನ ಹುಳು, ಬೆಳಕಿಗೆ ನಿಧಾನವಾಗಿ ತೆವಳುತ್ತ.

 ಸುಳ್ಳು ಹೇಳದ ಸಾಕ್ಷಿ ಇದೊಂದೇ. ಈ ಹುಳು ಇನ್ನೊಂದು ಕಜ್ಜಿ ನಾಯಿಯ ಮೈಗೆ ಮೈ ತಾಗಿಸಿ ಮಲಗಿದರೆ ಹತ್ತುವಂಥದ್ದು. ಕೆಂಚ ಇಷ್ಟು ದಿನ ಕಾಡಿನಲ್ಲಿ ಅಲೆದಿಲ್ಲ. ಬೇರೆ ನಾಯಿಗಳ ಜೊತೆ, ಬೆಚ್ಚಗಿನ ಒಂದು ಜಾಗದಲ್ಲಿ ಮಲಗಿದೆ.

ಆದರೆ ಕಜ್ಜಿ ಹುಳು ಕೊರಳ ಸುತ್ತ ಅಳತೆ ಹಿಡಿದು ಗೆರೆ ಎಳೆಯುವುದಿಲ್ಲವಲ್ಲ.

ಭೂತಗನ್ನಡಿ ತೆಗೆದುಕೊಂಡು ಮತ್ತೆ ಅಂಗಳಕ್ಕೆ ಬಂದಳು. ಬಿಸಿಲು ಏರಿತ್ತು. ಹಿಂದಿನಿಂದ ಬಳೆಗಳ ಕಿಣಿಕಿಣಿ ನಿಂತೇ ಇರಲಿಲ್ಲ.

"ಅದ್ನೇನ್ ನೋಡ್ತೀರಿ?" ಎಂದರು ನೀಲಕಂಠಸ್ವಾಮಿ. "ಕುರುಡಂಗೂ ಕಾಣ್ತದೆ. ಹಗ್ಗ ಬಿಗಿದು ಕಟ್ಟಾಕವ್ರೆ. ಕಟ್ಟಾಕಿ ನನ್ ತಮ್ಮನ್ನ..." ಅವರು ಮಾತು ನುಂಗಿ ಮುಖ ತಿರುಗಿಸಿದರು. ನಾಲ್ಕು ಜನ ಅಯ್ಯೋ ಎಂದರು.

ಹಗ್ಗ ಉಜ್ಜಿದ ಕೊರಳನ್ನು ಅವಳು ಬೇಕಾದಷ್ಟು ನೋಡಿದ್ದಳು. ಕೂದಲು ಬೇರುಸಮೇತ ಸವೆದಿರುತ್ತದೆ, ಗಂಟಲ ಕೆಳಗೆ ಹೆಚ್ಚು, ಮೇಲೆ ಕಡಿಮೆ. ಚರ್ಮ ದಡ್ಡುಗಟ್ಟಿರುತ್ತದೆ. ಇಲ್ಲಿ ಚರ್ಮ ಮಗುವಿನ ಕೆನ್ನೆಯ ಹಾಗಿತ್ತು. ಸುತ್ತಲೂ ಒಂದೇ ಸಮ. ಭೂತಗನ್ನಡಿಯನ್ನು ಇನ್ನಷ್ಟು ಹತ್ತಿರ ಹಿಡಿದಳು. ಬೋಳೆಂದು ಕಂಡದ್ದು ಬೋಳಲ್ಲ. ಕೂದಲಿನ ಮೋಟುಗಳಿದ್ದವು, ಪ್ರತಿಯೊಂದರ ತುದಿಯೂ ಕೊಯ್ದ ಪೈರಿನ ಕೂಳೆಯಂತೆ ಚಪ್ಪಟೆ.

ಯಾರೋ ಕತ್ತರಿಯಿಂದ ಕತ್ತರಿಸಿದ್ದರು.

ಬಗ್ಗಿ ಮೂಸಿ ನೋಡಿದಳು. ಗಂಧಕದ ವಾಸನೆ. ಅದರಡಿಯಲ್ಲಿ ಎಣ್ಣೆ, ಹೊಂಗೆಯದಲ್ಲ. ಈ ಸೀಮೆಯಲ್ಲಿ ನಾಯಿಯ ಕಜ್ಜಿಗೆ ಹೊಂಗೆ ಎಣ್ಣೆ ಹಚ್ಚುತ್ತಾರೆ, ಇಲ್ಲವೇ ಲಾರಿಯ ಕೆಟ್ಟ ಆಯಿಲ್ ಸುರಿದು ಪಾಪದ ಪ್ರಾಣಿಯನ್ನು ಅರ್ಧ ಕೊಲ್ಲುತ್ತಾರೆ. ಇದು ಕೊಬ್ಬರಿ ಎಣ್ಣೆ. ನಾಯಿಗೆ ಕೊಬ್ಬರಿ ಎಣ್ಣೆ ಹಚ್ಚುವವರು ಗುಂಡ್ಲುಪೇಟೆಯಲ್ಲಿ ಯಾರಿದ್ದಾರೆ?

 ಕೊರಳ ಸುತ್ತ ಕೂದಲು ಕತ್ತರಿಸಿ, ಮೊದಲು ಅಲ್ಲೊಂದು ಸುತ್ತು ಮದ್ದು ಹಾಕಿ, ಇಲ್ಲದಿದ್ದರೆ ಮೈಮೇಲಿರುವುದೆಲ್ಲ ತಲೆಗೆ ಓಡಿಹೋಗುತ್ತದೆ. ಈ ಮಾತನ್ನು ಆಡಿದವಳು ತಾನೇ. ಹೋದ ವರ್ಷ, ಇದೇ ಅಂಗಳದಲ್ಲಿ, ಚಿಗಟ ಹತ್ತಿದ್ದ ಕೆಂಚನನ್ನು ಪುಟ್ಟರಾಜು ತಂದಿದ್ದಾಗ.

ಹೇಳಿದ್ದು ಪುಟ್ಟರಾಜುವಿಗೊಬ್ಬನಿಗೇ ಅಲ್ಲವಲ್ಲ, ಎಂದು ಅವಳ ಅಂಜುಬುರುಕ ಮನಸ್ಸು ಎಳೆಯಿತು. ಎಷ್ಟೋ ಜನಕ್ಕೆ ಹೇಳಿರುತ್ತೇನೆ. ಒಬ್ಬನ ಜೀವದ ಪ್ರಶ್ನೆ. ಇನ್ನೊಂದು ಬೇಕು.

ಕಣ್ಣುಗಳ ಮೂಲೆಯಲ್ಲಿ ಅಂಟು. ಹರಳೆಣ್ಣೆ. ಮದ್ದು ಹಾಯದಿರಲಿ ಎಂದು ಕಣ್ಣಿಗೊಂದು ಹನಿ ಬಿಡಲು ಹೇಳಿದ್ದಳು. ಕಿವಿಗೆ ಹತ್ತಿ ಇಡಲೂ ಹೇಳಿದ್ದಳು. ಎಡಗಿವಿ ಖಾಲಿ. ಬಲಗಿವಿಯೊಳಗೆ ಟಾರ್ಚು ಬಿಟ್ಟಳು. ಆಳದಲ್ಲಿ ಬೆಳ್ಳಗೆ ಏನೋ ಇತ್ತು. ಚಿಮುಟದಲ್ಲಿ ಹಿಡಿದು, ನಾಯಿ ಕುಂಯ್‌ಗುಟ್ಟದಂತೆ, ಹೊರಗೆಳೆದಳು.

ಹತ್ತಿಯ ಉಂಡೆಯಲ್ಲ. ಬುಡ ದುಂಡಗೆ, ತುದಿ ಹುರಿಗೊಂಡ, ತುದಿಗೆ ಅರಿಶಿನ ಮುಟ್ಟಿಸಿದ ಹೂಬತ್ತಿ.

ಗುರುಮಲ್ಲಮ್ಮನಿಗೆ ನಗು ಬಂದುಬಿಟ್ಟಿತು. ಎಷ್ಟೋ ದಿನಗಳ ಮೇಲೆ ಬಂದ ನಗು. ಹೋದ ವರ್ಷ ಆಸ್ಪತ್ರೆಯಲ್ಲಿ ಹತ್ತಿ ಮುಗಿದಿತ್ತು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟಿದ್ದ ಪುಟ್ಟರಾಜು, ದೀಪಕ್ಕೆಂದು ಹೆಂಡತಿ ಹೊಸೆದುಕೊಟ್ಟಿದ್ದ ಹೂಬತ್ತಿಯ ಪೊಟ್ಟಣವನ್ನು ಜೇಬಿನಿಂದ ತೆಗೆದು ಎರಡನ್ನು ನಾಯಿಯ ಕಿವಿಗೆ ತುರುಕಿದ್ದ. ದೇವರ ಬತ್ತಿ ನಾಯಿಗಾ ಎಂದು ಇವಳು ಹಾಸ್ಯ ಮಾಡಿದ್ದಳು. "ದೇವ್ರಿಗೆ ಕಿವಿ ಚೆನ್ನಾಗ್ ಕೇಳ್ತದೆ ಮೇಡಂ, ಈ ನನ್ಮಗನಿಗೇ ಕೇಳಾದಿಲ್ಲ," ಎಂದಿದ್ದ ಅವನು.

"ಸಾಹೇಬರೇ," ಎಂದು ಕರೆದಳು. ದನಿ ಈ ಸಲ ನಡುಗಲಿಲ್ಲ. "ಪುಟ್ಟರಾಜು ಬದುಕಿದ್ದಾರೆ."

 ಬಳೆಗಳ ಸದ್ದು ನಿಂತಿತು.

ಅವಳು ಒಂದೊಂದಾಗಿ ತೋರಿಸಿದಳು. ಇನ್‌ಸ್ಪೆಕ್ಟರ್ ಮಫ್ಲರ್ ಸಡಿಲಿಸಿ ಭೂತಗನ್ನಡಿಯಲ್ಲಿ ಬಗ್ಗಿ ನೋಡಿದರು. ಇದು ಹಗ್ಗದ ಗುರುತಲ್ಲ, ಮದ್ದು ಹಾಕಲು ಕತ್ತರಿಸಿದ್ದು. ಮೋಟುಗಳು ಇನ್ನೂ ಬೆಳೆದಿಲ್ಲ, ಕತ್ತರಿಸಿ ವಾರವೂ ಆಗಿಲ್ಲ. ಹೂಬತ್ತಿ ಇನ್ನೂ ಬೆಳ್ಳಗಿದೆ, ದೀಪಾವಳಿಯಲ್ಲಿ ಇಟ್ಟದ್ದಾಗಿದ್ದರೆ ಮಣ್ಣಿನ ಬಣ್ಣಕ್ಕೆ ತಿರುಗಿರುತ್ತಿತ್ತು, ಇಲ್ಲವೇ ಎಂದೋ ಕೊಡವಿ ಬೀಳಿಸಿಕೊಂಡಿರುತ್ತಿತ್ತು. ಕೊರಳಿಗೆ ಸುತ್ತು, ಕಣ್ಣಿಗೆ ಹರಳೆಣ್ಣೆ, ಕಿವಿಗೆ ಹೂಬತ್ತಿ. ಮೂರನ್ನೂ ಸೇರಿಸಿ ಮಾಡುವವನು ಈ ತಾಲ್ಲೂಕಿನಲ್ಲಿ ಒಬ್ಬನೇ.

"ಕೂದ್ಲು ನೋಡಿ ಕಣಿ ಹೇಳ್ತೀರಾ ಡಾಕ್ಟ್ರಮ್ಮ?" ಎಂದರು ನೀಲಕಂಠಸ್ವಾಮಿ. ಮುಖ ಬೂದಿಯಾಗಿತ್ತು. "ನನ್ ತಮ್ಮ ಬದುಕಿದ್ರೆ ಮನೆಗ್ ಬರ್ತಿರ್ಲಿಲ್ವಾ? ಅಣ್ಣ ಅಂದ್ರೆ ಪ್ರಾಣ ಅವ್ನಿಗೆ. ಈ ಡ್ರೈವರ್ ಕಡೆಯೋರು ನಿಮ್ಗೆ ಏನಾದ್ರೂ ಹೇಳ್ಕೊಟ್ರಾ?"

"ನನಗೆ ಯಾರೂ ಹೇಳಿಕೊಟ್ಟಿಲ್ಲ ಸ್ವಾಮಿ. ಕನ್ನಡಿ ಇಲ್ಲಿದೆ, ನೀವೇ ನೋಡಿ. ಹಗ್ಗ ಕೂದಲನ್ನ ಹೀಗೆ ಕತ್ತರಿಸುತ್ತಾ?"

ಅವರು ಕನ್ನಡಿಯನ್ನು ಮುಟ್ಟಲಿಲ್ಲ.

"ಅಲ್ಲಿಂದ ನೋಡಿದ್ರೆ ಹಗ್ಗ, ಇಲ್ಲಿಂದ ನೋಡಿದ್ರೆ ಕತ್ರಿ," ಎಂದರು ಇನ್‌ಸ್ಪೆಕ್ಟರ್, ಅರ್ಧ ತಮಗೇ ಹೇಳಿಕೊಂಡಂತೆ. "ಮೇಡಂ, ಇದನ್ನ ಬರೆದು ಕೊಡ್ತೀರಾ? ಸಹಿ ಹಾಕಿ?"

"ಹಾಕ್ತೀನಿ."

ಮಲ್ಲಿಗಮ್ಮ ಗೇಟಿನಿಂದ ಎದ್ದು ಬಂದಿದ್ದಳು. "ಉಂಡವ್ನಾ ಆ ಪುಣ್ಯಾತ್ಮ?" ಎಂದು ಕೇಳಿದಳು. "ಒಟ್ಟೆಗೆ ಏನಾರ ಸಿಕ್ತದಾ ಅವ್ನಿಗೆ?" ತನ್ನ ಮಗನ ಮಾತೆತ್ತಲಿಲ್ಲ.

ನೀಲಕಂಠಸ್ವಾಮಿ ಹಣೆಯ ಬೆವರು ಒರೆಸಿಕೊಂಡರು. ದೀರ್ಘವಾಗಿ ಉಸಿರೆಳೆದು, ವಿಭೂತಿಯ ಹಣೆಗೆ ಎರಡು ಕೈ ಜೋಡಿಸಿ, ಶಿವ ಕಣ್ಬಿಟ್ಟ ಎಂದರು. ಆಮೇಲೆ ಕೇಳಿದರು. "ಯಾವ್ ಕಡೆ ಇರಬೌದು?"

ಎಷ್ಟು ಹಗುರವಾಗಿತ್ತು ಅವಳ ಮನಸ್ಸು. ಮಾತನ್ನು ತೂಗಿ ತೂಗಿ ಆಡುವ ಅವಳು ಆಗ ತೂಗಲಿಲ್ಲ. ಕೊಬ್ಬರಿ ಎಣ್ಣೆಯ ಕಥೆ ಹೇಳಿದಳು. ಕೇರಳದ ರಸ್ತೆಯಲ್ಲಿರುವ ಮದ್ದೂರಿನಾಚೆ, ಕಾಡಿನಂಚಿಗೆ, ಕೇರಳದವರು ಗುತ್ತಿಗೆಗೆ ಹಿಡಿದ ಶುಂಠಿ ಹೊಲಗಳಿವೆ. ಅಲ್ಲಿನ ಶೆಡ್ಡುಗಳಲ್ಲಿ ಕಾವಲಿಗೆ ಹಿಂಡು ನಾಯಿ ಸಾಕುತ್ತಾರೆ, ಹುಲ್ಲಿನ ರಾಶಿಯಲ್ಲಿ ಎಲ್ಲ ಒಟ್ಟಿಗೆ ಮಲಗುತ್ತವೆ, ಕಜ್ಜಿ ಒಂದರಿಂದ ಒಂದಕ್ಕೆ ಹತ್ತುತ್ತದೆ. ಹೋದ ತಿಂಗಳು ಅಂಥದೊಂದು ಶೆಡ್ಡಿಗೆ ತಾನೇ ಹೋಗಿ ಬಂದಿದ್ದೆ, ಹಳೆಯ ಅರಣ್ಯ ಗೇಟು ದಾಟಿದ ಮೇಲೆ ಮೊದಲನೆಯದು, ಅಲ್ಲಿನ ನಾಯಿಗಳಿಗೆಲ್ಲ ಇದೇ ಕಾಯಿಲೆ, ಹುಡುಕುವುದಾದರೆ ಅಲ್ಲಿಂದಲೇ ಶುರುಮಾಡಿ.

ಇನ್‌ಸ್ಪೆಕ್ಟರ್ ತಲೆಯಾಡಿಸಿದರು. ಮೊದಲು ಚಾಮರಾಜನಗರಕ್ಕೆ ಹೋಗಿ ದೊಡ್ಡ ಸಾಹೇಬರಿಗೆ ವರದಿ ಒಪ್ಪಿಸಿ, ಶಿವಸ್ವಾಮಿಯ ಬಿಡುಗಡೆಯ ಕೆಲಸ ಮುಗಿಸಿ, ಸಂಜೆಯೊಳಗೆ ಆ ಕಡೆ ಬರುವುದಾಗಿ ಹೇಳಿದರು. ಬೇಡಿಯನ್ನು ಮತ್ತೆ ಹಾಕಿಸಲಿಲ್ಲ.

ಆಮೇಲಿನ ಸ್ವಲ್ಪ ಹೊತ್ತು ಅಂಗಳವೇ ಬೇರೆಯಾಯಿತು. ಕಾಂಪೌಂಡಿನಾಚೆ ಇದ್ದವರು ಈಚೆ ಬಂದರು. ಯಾರೋ ಚಹ ತರಿಸಿದರು. ಮಲ್ಲಿಗಮ್ಮ ಮಗನ ಮಣಿಕಟ್ಟನ್ನು ಸವರಿ ಸವರಿ, ಕೊನೆಗೆ ಓಡಿ ಬಂದು ಕೆಂಚನನ್ನು ಅಪ್ಪಿಕೊಳ್ಳಲು ಬಗ್ಗಿದಳು.

"ಮುಟ್ಬೇಡಿ," ಎಂದು ಗುರುಮಲ್ಲಮ್ಮ ತಡೆದಳು. ಎತ್ತಿಕೊಂಡವರ ಮೈಗೂ ಹುಳು ಹತ್ತುತ್ತದೆ, ಕೆಲವು ದಿನಕ್ಕೆ ತೋಳಿನ ಒಳಬದಿಗೆ, ಹೊಟ್ಟೆಗೆ, ನಾಯಿ ತಾಗಿದ ಕಡೆಯೆಲ್ಲ ಕೆಂಪು ಗುಳ್ಳೆ ಏಳುತ್ತದೆ, ನಾಯಿಯಿಂದ ದೂರವಿದ್ದರೆ ತಾನಾಗಿಯೇ ಹೋಗುತ್ತದೆ, ಆದರೆ ಕೆರೆತ ಪ್ರಾಣ ಹಿಂಡುತ್ತದೆ ಎಂದು ವಿವರಿಸಿದಳು.

"ನಿಂಗೆ ಅತ್ಕತಾ ಕಣ್ಲಾ?" ಎಂದಳು ಮಲ್ಲಿಗಮ್ಮ ಮಗನ ಕಡೆ ತಿರುಗಿ.

"ಬುಡವ್ವ, ಗ್ಲೌಸ್ ಆಕಿದ್ದೆ," ಎಂದ ಶಿವಸ್ವಾಮಿ. "ಅತ್ತುದ್ರೂ ಅತ್ಲಿ. ಲಾಕಪ್ಪಲ್ಲಿ ರಾತ್ರಿಯೆಲ್ಲ ಸೊಳ್ಳೆ ಕೈಲಿ ಕಚ್ಚಿಸ್ಕಂಡು ನಂಗೆ ಕೆರ್ಕಳದು ಅಭ್ಯಾಸ ಆಗೋಗದೆ." ಇನ್‌ಸ್ಪೆಕ್ಟರೂ ನಕ್ಕು, ನಕ್ಕಿದ್ದಕ್ಕೆ ಸೀನಿದರು.

ತಾಯಿ ಮಗ ಇಬ್ಬರನ್ನೂ ಕೂರಿಸಿಕೊಂಡು ಪೊಲೀಸ್ ಜೀಪು ಚಾಮರಾಜನಗರದ ದಾರಿ ಹಿಡಿಯಿತು. ಈಗ ಮಲ್ಲಿಗಮ್ಮ ಅಳುತ್ತಿದ್ದಳು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಕೈಯೆತ್ತಿ ಮುಗಿಯುತ್ತ. ಧೂಳು ಅಡಗುವವರೆಗೆ ಗುರುಮಲ್ಲಮ್ಮ ಗೇಟಿನಲ್ಲೇ ನಿಂತಿದ್ದಳು. ತನ್ನ ಓದು, ಹೆಬ್ಬಾಳದ ಕಾಲೇಜಿನಲ್ಲಿ ಕಳೆದ ವರ್ಷಗಳು, ಎಲ್ಲಕ್ಕೂ ಇವತ್ತು ಅರ್ಥ ಬಂತು ಅನಿಸಿತು. ರಾತ್ರಿ ನಿದ್ದೆ ಬರುತ್ತದೆ.

ಜನ ಚೆದುರಿದ್ದರು. ಕೆಂಚನಿಗೆ ಇಂಜೆಕ್ಷನ್ ಕೊಟ್ಟು, ಕಿವಿಗಳಿಗೆ ಮುಲಾಮು ಹಚ್ಚಿ, ಕೈ ತೊಳೆದುಕೊಳ್ಳಲು ಒಳಗೆ ಬಂದಳು. ನಾಗಲಕ್ಷ್ಮಿ ಔಷಧಿಯ ಬೀರುವಿನ ಪಕ್ಕದ ಸ್ಟೂಲಿನ ಮೇಲೆ ಒಬ್ಬಳೇ ಕೂತಿದ್ದಳು.

ಅವಳನ್ನು ಮರೆತೇಬಿಟ್ಟಿದ್ದೆನಲ್ಲ ಎಂದು ಗುರುಮಲ್ಲಮ್ಮನಿಗೆ ನಾಚಿಕೆಯಾಯಿತು. ಇಂಥ ಸುದ್ದಿಗೆ ಎಲ್ಲರಿಗಿಂತ ಮೊದಲು ಅಳಬೇಕಾದವಳು, ನಗಬೇಕಾದವಳು ಅವಳು. ಅವಳು ಅತ್ತಿರಲಿಲ್ಲ. ನಕ್ಕಿರಲಿಲ್ಲ. ಉಂಡವನಾ ಎಂದೂ ಕೇಳಿರಲಿಲ್ಲ.

ಬಿಸಿಲಿಗೆ ಸೆಕೆಯಾಗಿತ್ತೋ ಏನೋ, ನಾಗಲಕ್ಷ್ಮಿ ಸ್ವೆಟರಿನ ತೋಳನ್ನು ಮೊಣಕೈವರೆಗೆ ಸರಿಸಿಕೊಂಡಿದ್ದಳು. ಬಳೆಗಳನ್ನು ಮೇಲಕ್ಕೊತ್ತಿ, ಅರಿವಿಲ್ಲದೆ, ತೋಳಿನ ಒಳಬದಿಯನ್ನು ಕೆರೆದುಕೊಳ್ಳುತ್ತಿದ್ದಳು. ಕಿಣಿಕಿಣಿ, ಕಿಣಿಕಿಣಿ.

ಗುರುಮಲ್ಲಮ್ಮನ ಕೈಯ ಸಾಬೂನು ಬೋಗುಣಿಗೆ ಜಾರಿತು.

ಮಣಿಕಟ್ಟಿನಿಂದ ಮೊಣಕೈಯವರೆಗೆ ಕೆಂಪು ಗುಳ್ಳೆ. ಕೆಲವು ಹೊಸವು. ಕೆಲವು ಆಗಲೇ ಒಣಗಿ ಹೊಟ್ಟು ಕಟ್ಟಿದ್ದವು. ಇವಳು ಬೆಳಿಗ್ಗೆಯಿಂದ ನಾಯಿಯನ್ನು ಮುಟ್ಟಿಲ್ಲ. ನಿನ್ನೆ ಚಾಮರಾಜನಗರದಲ್ಲಿದ್ದಳು. ದೀಪಾವಳಿಗೆ ಮುಂಚೆ ನಾಯಿಗೆ ಕಾಯಿಲೆಯೇ ಇರಲಿಲ್ಲ.

ಬಾಲ ಮೆಲ್ಲಗೆ ಬಡಿದು ಸುಮ್ಮನಾದ ಕೆಂಚ. ಅದಕ್ಕೆ ತ್ರಾಣವಿಲ್ಲದೆ ಅಲ್ಲ. ಒಡತಿಯನ್ನು ಅದು ಮೊನ್ನೆಯಷ್ಟೇ ಕಂಡಿತ್ತು. ಮತ್ತೆ ಆ ಹೂಬತ್ತಿ. ಉಟ್ಟ ಬಟ್ಟೆಯಲ್ಲಿ ಹೋದವನಿಗೆ, ಶುಂಠಿ ಶೆಡ್ಡಿನಲ್ಲಿ, ಅರಿಶಿನ ಮುಟ್ಟಿಸಿದ ಹೂಬತ್ತಿ ಹೊಸೆದುಕೊಟ್ಟವರು ಯಾರು?

"ನಿಮಗೆ ಗೊತ್ತಿತ್ತು," ಎಂದಳು.

ನಾಗಲಕ್ಷ್ಮಿ ತೋಳನ್ನು ಮುಚ್ಚಿಕೊಳ್ಳಲಿಲ್ಲ. "ಇವತ್ತು ಸಾಹೇಬ್ರಿಗೊಬ್ರಿಗೇ ಹೇಳ್ಬೇಕು ಅಂತಾನೇ ಬಂದೆ ಡಾಕ್ಟ್ರೆ. ಆ ಡ್ರೈವರ್‌ನ ಕರ್ಕೊಂಡು ಹೋಗ್ತಾರೆ ಅಂತ ಕೇಳಿದ ಮೇಲೆ ಸುಮ್ನಿರೋಕೆ ಆಗಲಿಲ್ಲ. ಭಾವ ಪಕ್ಕದಿಂದ ಅಲ್ಲಾಡಲೇ ಇಲ್ಲ." ಅವಳ ದನಿ ತೀರ ಸಣ್ಣಗಾಯಿತು. "ಇವರು ಮನೆ ಬಿಟ್ಟು ಓಡಿದ್ದು ಭಾವನಿಗೇ ಹೆದರಿ, ಬೇರೆ ಯಾರಿಗೂ ಅಲ್ಲ."

ಗುರುಮಲ್ಲಮ್ಮನ ಕಿವಿಯಲ್ಲಿ ಆ ಪ್ರಶ್ನೆ ಮತ್ತೆ ಕೇಳಿಸಿತು. ಇನ್‌ಸ್ಪೆಕ್ಟರ್ ಸಹಿ ಕೇಳಿದ್ದರು. ಮಲ್ಲಿಗಮ್ಮ ಊಟ ಕೇಳಿದ್ದಳು. ಅಣ್ಣನೊಬ್ಬನೇ ಕೇಳಿದ್ದು, ಯಾವ ಕಡೆ.

"ನಿಮ್ಮ ಭಾವ ಎಲ್ಲಿ?"

"ನೀವು ಗೇಟಲ್ಲಿ ನಿಂತಿದ್ರಲ್ಲ, ಆಗಲೇ ಹಿಂದ್ಗಡೆಯಿಂದ ಸ್ಕೂಟರ್ ತಗೊಂಡು ಹೋದ್ರು. ತಮ್ಮನ್ನ ಕರ್ಕೊಂಡೇ ಬರ್ತೀನಿ ಅಂದ್ರು."

"ಪುಟ್ಟರಾಜು ಇರೋದು ಯಾವ ಶೆಡ್ಡಲ್ಲಿ?"

ನಾಗಲಕ್ಷ್ಮಿ ತಲೆಯೆತ್ತಿ ಅವಳನ್ನೇ ನೋಡಿದಳು. ಆ ಕಣ್ಣುಗಳಲ್ಲಿ ಬೈಗುಳವಿರಲಿಲ್ಲ. ಅದೇ ಕಷ್ಟವಾಗಿತ್ತು.

"ನೀವು ಹೇಳಿದ್ರಲ್ಲ ಡಾಕ್ಟ್ರೆ. ಅದೇ."

ಗುರುಮಲ್ಲಮ್ಮ ಕಿಟಕಿಗೆ ಓಡಿದಳು. ಅಂಗಳ ಖಾಲಿಯಾಗಿತ್ತು. ಕೆಂಚ ಕೆರೆದುಕೊಳ್ಳುವುದನ್ನು ನಿಲ್ಲಿಸಿ, ಕೇರಳದ ರಸ್ತೆಯ ಕಡೆ ಕಿವಿ ನಿಮಿರಿಸಿ ನಿಂತಿತ್ತು. ಬೇವಿನ ಮರದ ಬುಡದಲ್ಲಿ, ಕೆಮ್ಮಣ್ಣಿನ ಹುಡಿಯಲ್ಲಿ, ಕೋವಿಯ ಹಿಡಿ ಊರಿದ್ದ ಗುರುತು ಮಾತ್ರ ಉಳಿದಿತ್ತು.